ದೂಮಪ್ಪನಿಗೆ ಗಂಜಿ ತಿಳಿ

ಆ ಸಂಜೆ ನಮ್ಮನ್ನು ಬಿಡಿಸಬೇಕಾಗಿದ್ದ ರಾತ್ರಿ ಪಾಳಿಯವರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಿರಿಯಡಕದ ಆಚೆ ರಸ್ತೆಗೆ ಅಡ್ಡಲಾಗಿ ದೊಡ್ಡ ಮರವೊಂದು ಬಿದ್ದಿದೆ, ಉಡುಪಿ ಕಡೆಯಿಂದ ಬರುವ ಬಸ್ಸುಗಳೆಲ್ಲ ಅಲ್ಲಿಯೇ ಸಾಲುಗಟ್ಟಿ ನಿಂತಿವೆ ಎಂದು ಹಾಲಿನವನು ಗೋಣಿ ಕೊಪ್ಪೆಯೊಳಗಿಂದಲೇ ಹೇಳಿ ಹೋದ. ತುಳುನಾಡಿನ ಆಷಾಢವಾದ ಆಟಿ ತಿಂಗಳ ಮಳೆ. ಮಧ್ಯಾಹ್ನ ಹಿಡಿದದ್ದು ಬಿಟ್ಟಿರಲಿಲ್ಲ. ಕರೆಂಟು ಯಾವಾಗಲೋ ಹೋಗಿತ್ತು.

ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಗೇರುಮರಗಳ ಗುಡ್ಡೆಯ ಮೇಲಿದ್ದ ಆ ಆಸ್ಪತ್ರೆಯ ಹಿಂಬದಿಯ ವಾರ್ಡಿನಲ್ಲಿ ಮನಸ್ಸಿನ ಕಾಯಿಲೆಯವರನ್ನೂ ಕುಡಿತ ಬಿಡಿಸಲೆಂದು ತಂದವರನ್ನೂ ಒಟ್ಟಿಗೆ ಇಟ್ಟಿದ್ದರು. ಎಂಬತ್ತಾರನೆಯ ಇಸವಿ. ನಾನೂ ಪಂಕಜಾಳೂ ನರ್ಸಿಂಗ್ ಓದು ಮುಗಿಸಿ ಅಲ್ಲಿಗೆ ಹೊಸದಾಗಿ ಸೇರಿದವರು. ನಮ್ಮ ಮೇಲೆ ಹಿರಿಯ ಸಿಸ್ಟರ್ ಇಮೆಲ್ಡಾ ಬಾಯಿ. ಶಿರ್ವದವರು, ಆ ವಾರ್ಡಿನಲ್ಲಿಯೇ ತಲೆ ಹಣ್ಣಾದವರು. ತಿಂಗಳ ಕೊನೆಗೆ ಅವರ ನಿವೃತ್ತಿ. ರೋಗಿಗಳ ಗಂಜಿಯೂಟ ಮುಗಿದಿತ್ತು. ಬಾಯಿ ಡ್ಯೂಟಿ ರೂಮಿನ ಬೆಂಚಿನಲ್ಲಿ ಕೂತು, ಬೂಟು ಕಳಚಿ, ಊದಿದ ಪಾದಗಳನ್ನು ಬಿಸಿನೀರಿನ ಬೇಸಿನ್ನಿನಲ್ಲಿ ಇಳಿಬಿಟ್ಟಿದ್ದರು. ವಾರ್ಡಿನ ಹಳೆಯ ಆಳು ಸ್ಟ್ಯಾನಿಸ್ಲಾಸ್ ಬಾಗಿಲ ಹೊಸ್ತಿಲಿನಲ್ಲಿ ಕೂತು ಲಾಂದ್ರದ ಗಾಜು ಒರೆಸುತ್ತಿದ್ದ.

ಪಂಕಜಾಳಿಗೆ ಬೆಳಿಗ್ಗೆಯಿಂದ ಒಂದು ಸಿಟ್ಟು ಉಳಿದುಬಿಟ್ಟಿತ್ತು. ಹಿಂದಿನ ದಿನ ಸೇರಿಸಿದ್ದ ಪ್ಯಾಟ್ರಿಕ್ ಎಂಬ ರೋಗಿಯನ್ನು ಕಿಟಕಿ ಬದಿಯ ಖಾಲಿ ಹಾಸಿಗೆಗೆ ಬದಲಿಸೋಣವೆಂದು ಅವಳು ಚಾದರ ಹಾಸಲು ಹೋದಾಗ ಬಾಯಿ ಎಲ್ಲರೆದುರು ಅವಳನ್ನು ತಡೆದಿದ್ದರು.

"ಬಾಯಿ, ಬೈದದ್ದಕ್ಕೆ ಬೇಸರ ಇಲ್ಲ," ಎಂದಳು ಪಂಕಜಾ. "ಅಡ್ಮಿಶನ್ ಇಲ್ಲ ಅಂತ ಜನರನ್ನು ವಾಪಸು ಕಳಿಸ್ತೇವೆ. ಆ ಹಾಸಿಗೆ ಮಾತ್ರ ಈ ತಿಂಗಳಿಡೀ ಖಾಲಿ. ಅದರ ಸ್ಟೂಲಿನ ಮೇಲೆ ದಿನಾ ಒಂದು ಲೋಟ ಗಂಜಿ ತಿಳಿ ಬೇರೆ. ಯಾರಿಗೆ ಅದು?"

ಸ್ಟ್ಯಾನಿಸ್ಲಾಸ್ ಗಾಜು ಒರೆಸುವುದನ್ನು ನಿಲ್ಲಿಸಿದ. "ಹೇಳಿಬಿಡಿ ಬಾಯಿ. ನೀವು ಮನೆಗೆ ಹೋದ ಮೇಲೆ ಈ ನಳಿನಾಕ್ಷಿ, ಪಂಕಜಾ ಇಬ್ಬರೂ ನನ್ನ ಜೀವ ತಿಂತಾರೆ."

ಬಾಯಿ ಒಂದು ಪಾದವನ್ನು ನೀರಿನಿಂದ ಎತ್ತಿ ನೋಡಿಕೊಂಡು ಮತ್ತೆ ಇಳಿಸಿದರು. "ಬಾಗಿಲು ಸ್ವಲ್ಪ ತೆರೆದಿಡು ಸ್ಟ್ಯಾನಿ. ವಾರ್ಡಿನ ಶಬ್ದ ಕೇಳಬೇಕು," ಎಂದರು. ಆಮೇಲೆ ಹೇಳತೊಡಗಿದರು.

*

ದೂಮಪ್ಪ ಅಂತ. ಮಟ್ಟುವಿನವನು. ಹೊಳೆ ಬದಿಯಲ್ಲಿ ಗುಳ್ಳ ಬದನೆಯ ಗದ್ದೆಗಳುಂಟಲ್ಲ, ಅಲ್ಲಿ ಒಂದು ತುಂಡು ಅವನದ್ದು. ನಾನು ಹೇಳುವುದು ನೀವಿನ್ನೂ ಎರಡು ಜಡೆ ಹಾಕಿ ಶಾಲೆಗೆ ಹೋಗುವ ಕಾಲ... ಎಪ್ಪತ್ತರ ಆಚೀಚೆ ಇರಬೇಕು. ಮೊದಲ ಸಲ ಅವನನ್ನು ತಂದದ್ದು ಹೇಗೆ ಗೊತ್ತುಂಟಾ? ಹಗ್ಗದಲ್ಲಿ ಕಟ್ಟಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಹಾಕಿ, ಮೀನಿನ ಬುಟ್ಟಿ ತಂದ ಹಾಗೆ. ಊರವರು ಎತ್ತಿಕೊಂಡು ಒಳಗೆ ಬಂದರು, ಹೆಂಡತಿ ಗುಲಾಬಿ ಹಿಂದಿನಿಂದ ಅವನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಳು. ಅಷ್ಟು ಹೊಡೆತ ತಿಂದವಳು, ಚಪ್ಪಲಿ ಯಾಕೆ ತಂದದ್ದು ಮಾರಾಯ್ತಿ ಅಂತ ಕೇಳಿದ್ರೆ, "ವಾಪಸು ನಡೆದುಕೊಂಡು ಬರಬೇಕಲ್ಲ ಬಾಯಮ್ಮ" ಅಂದಳು.

ಈಗ ನಿಮಗೆ ಹೇಳಬೇಕಾಗಿಲ್ಲ, ದಿನಾ ಕುಡಿದ ಮೈಗೆ ಕುಡಿತ ನಿಲ್ಲಿಸಿದರೆ ಎಂತ ಆಗುತ್ತದೆ ಅಂತ ನೋಡ್ತಾ ಇದ್ದೀರಿ. ನಡುಕ, ಬೆವರು, ಗೋಡೆಯಲ್ಲಿ ಇರುವೆ ಸಾಲು ಕಾಣುವುದು, ಸತ್ತ ಅಪ್ಪ ಬಾಗಿಲಿನಲ್ಲಿ ನಿಂತದ್ದು ಕಾಣುವುದು. ಆಗ ನಮ್ಮಲ್ಲಿ ಇದ್ದ ಇಂಜೆಕ್ಷನಿನ ವಾಸನೆ ಹೇಗೆ ಅಂದ್ರೆ, ನಾನು ಮನೆಗೆ ಹೋದರೆ ನಮ್ಮ ನಾಯಿ ಬೊಗಳುತ್ತಿತ್ತು. ನನಗೆ ಕೆಲಸ ಕಲಿಸಿದ ಮುದುಕಿ ಸಿಸ್ಟರ್ ಒಬ್ಬರು ಒಂದು ಮಾತು ಹೇಳಿದ್ರು. ರೋಗಿಗೆ ಕಂಡದ್ದನ್ನು "ಉಂಟು" ಅಂತ ಹೇಳಬೇಡ, "ಸುಳ್ಳು" ಅಂತ ಜಗಳವೂ ಮಾಡಬೇಡ. "ನನಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ, ಹೆದರಬೇಡಿ, ನಾನು ಇಲ್ಲಿಯೇ ಇದ್ದೇನೆ"... ಅಷ್ಟು ಹೇಳು, ಹೇಳಿ ಅಲ್ಲಿಯೇ ಇರು. ಇರುವುದೇ ದೊಡ್ಡ ಕೆಲಸ. ಕಾಲು ಊದುವುದು ಅದಕ್ಕೇ.

ಮತ್ತೆ ಗಂಜಿ ತಿಳಿ. ಅದು ಈ ವಾರ್ಡಿನ ಕ್ರಮ. ಗಂಜಿಯ ನೀರು ಬಸಿದು, ಉಪ್ಪು ಹಾಕಿ, ಲೋಟದಲ್ಲಿ ಕೊಡುವುದು. ಆದರೆ ಲೋಟ ನಾವು ಅವನ ಬಾಯಿಗೆ ಹಿಡಿಯುವುದಿಲ್ಲ. ನಾವು ಹತ್ತಿರ ಕೂತಿರುವುದು, ಅವನೇ ಎರಡು ಕೈಯಲ್ಲಿ ಹಿಡಿಯಬೇಕು. ಲೋಟ ಹಲ್ಲಿಗೆ ತಾಗಿ ಟಕಟಕ ಅಂತದೆ, ಅರ್ಧ ತಿಳಿ ಎದೆಯ ಮೇಲೆ. ಇರಲಿ. ಒರೆಸುವುದು, ಪುನಃ ತುಂಬಿಸಿ ಕೊಡುವುದು. ಯಾವತ್ತು ಹನಿ ಚೆಲ್ಲದೆ ಕುಡಿದನೋ ಅವತ್ತು ಅವನ ಮುಖ ನೋಡಬೇಕು ನೀವು... ಡಾಕ್ಟರು ಬಂದು ಹೇಳಬೇಕಂತ ಇಲ್ಲ.

ದೂಮಪ್ಪ ಹಾಗೆ ಹನಿ ಚೆಲ್ಲದೆ ಕುಡಿದು, ಚಪ್ಪಲಿ ಹಾಕಿಕೊಂಡು ಮನೆಗೆ ಹೋದ. ಪುನಃ ಬಂದ. ಪುನಃ ಹೋದ, ಪುನಃ ಬಂದ. ಈ ಸ್ಟ್ಯಾನಿ ಅವನಿಗೆ ಹೇಳುತ್ತಿದ್ದದ್ದು, "ದೂಮಣ್ಣ, ಒಂದು ಬಸ್ ಪಾಸು ಮಾಡಿಸಿಕೊಳ್ಳಿ." ಅವನು ನಡುಗುತ್ತಲೇ ನಗುತ್ತಿದ್ದ, "ಸ್ಟ್ಯಾನಿ ಪೊರ್ಬುಗಳೇ, ಕಂಡಕ್ಟರ್ ಈಗ ನನ್ನ ಹತ್ತಿರ ಟಿಕೆಟೇ ಕೇಳುವುದಿಲ್ಲ" ಅಂತ. ಆಮೇಲೆ ಒಂದು ಸಲ... ಯಾಕೆ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ, ನಾನು ಎಲ್ಲರಿಗೂ ಮಾಡಿದ್ದನ್ನೇ ಅವನಿಗೂ ಮಾಡಿದ್ದು... ಆ ಸಲ ಹೋದವನು ಬಿಟ್ಟುಬಿಟ್ಟ. ಮತ್ತೆ ಮುಟ್ಟಲಿಲ್ಲ.

ಮುಟ್ಟಲಿಲ್ಲ ಅಂತ ನನಗೆ ಹೇಗೆ ಗೊತ್ತು ಅಂದ್ರೆ, ಪ್ರತೀ ವರ್ಷ ಗುಳ್ಳದ ಮೊದಲ ಕೊಯ್ಲಿಗೆ ಬುಟ್ಟಿ ಹೊತ್ತುಕೊಂಡು ಬಂದೇ ಬಂದ. "ಸಿಸ್ಟರ್‌ನವರಿಗೆ" ಅಂತ. ಬುಟ್ಟಿ ಕೆಳಗಿಟ್ಟು, ಅದರಿಂದ ಒಂದು ದುಂಡಗಿನ ಗುಳ್ಳ ತೆಗೆದು, ಹೊಸದಾಗಿ ಬಂದು ನಡುಗುತ್ತಾ ಇರುವವರ ಹಾಸಿಗೆಯ ಹತ್ತಿರ ಹೋಗಿ, ಅಂಗೈ ಚಾಚಿ ಅದರ ಮೇಲೆ ಗುಳ್ಳ ಇಟ್ಟು ನಿಲ್ಲುತ್ತಿದ್ದ. ಸುಮ್ಮನೆ. ಗುಳ್ಳ ಅಲ್ಲಾಡುವುದಿಲ್ಲ. "ನೋಡಿದೆಯಾ ಮಾರಾಯ? ಇದೇ ಕೈ. ಇದೇ ಹಾಸಿಗೆ," ಅಂತ ಕಿಟಕಿ ಬದಿಯ ಹಾಸಿಗೆ ತೋರಿಸುತ್ತಿದ್ದ. ನಾನು ಇಷ್ಟು ವರ್ಷ ಕೊಟ್ಟ ಮದ್ದಿಗಿಂತ ಆ ಗುಳ್ಳ ಹೆಚ್ಚು ಕೆಲಸ ಮಾಡಿದೆಯಾ ಅಂತ ನನಗೆ ಕೆಲವು ಸಲ ಅನ್ನಿಸುವುದುಂಟು.

ಆದರೆ ಹಳೆಯ ಕುಡಿತ ಒಳಗೆ ತಿಂದದ್ದು ತಿಂದಿತ್ತು. ಲಿವರ್ ಹೋಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಅರಶಿನ ಆಗಿ ಇಲ್ಲಿಯೇ ಮುಂದಿನ ವಾರ್ಡಿಗೆ ಬಂದ. ನಾನು ದಿನಾ ಹೋಗಿ ನೋಡಿ ಬರುತ್ತಿದ್ದೆ. ಒಂದು ದಿನ ಕೈ ಚಾಚಿದ, ನಾನು ನೀರು ಬೇಕಾ ಅಂದೆ. ಅಲ್ಲ. ಅಂಗೈ ತೋರಿಸುವುದು. ಎಲುಬು ಮಾತ್ರ ಉಳಿದ ಕೈ, ಆದರೆ ನಡುಕ ಇಲ್ಲ.

"ಬಾಯಮ್ಮ, ನಾನು ಕುಡಿಯದೆ ಹೋಗ್ತಾ ಇದ್ದೇನೆ. ಅದೊಂದು ನಮ್ಮವರಿಗೆ ಹೇಳಿ. ಗದ್ದೆ ನನ್ನ ಅಪ್ಪನದ್ದು, ಮನೆ ಗುಲಾಬಿ ಉಳಿಸಿದ್ದು. ನಾನು ಸಂಪಾದಿಸಿದ್ದು ಇದೊಂದೇ."

ಹೇಳಿದೆ. ಗುಲಾಬಿಗೂ ಹೇಳಿದೆ, ಶವ ಕೊಂಡೊಯ್ಯಲು ಬಂದ ಅವಳ ಸೋದರಮಾವ ಸಂಕಪ್ಪಣ್ಣನಿಗೂ ಹೇಳಿದೆ. ಅವರು ಹೆಗಲ ಬೈರಾಸಿನಲ್ಲಿ ಕಣ್ಣು ಒರೆಸಿಕೊಂಡು, "ಪಾಪ, ಬಾಯಿ ಕಟ್ಟಿಯೇ ಸತ್ತ" ಅಂದ್ರು. ನಾನು ಹೇಳಿದ್ದಕ್ಕೂ ಅವರು ಕೇಳಿಸಿಕೊಂಡದ್ದಕ್ಕೂ ಎಷ್ಟು ದೂರ ಅಂತ ನನಗೆ ಅವತ್ತು ಗೊತ್ತಾಗಲಿಲ್ಲ.

ಅದು ಬೇಸಗೆ. ಆಮೇಲೆ ಮಳೆ ಸುರುವಾಗಿ ಆಟಿ ಬಂತು.

ಆಗ ಕಾಪುವಿನ ವಿಷ್ಣುಮೂರ್ತಿ ಮಾಸ್ತರ್ರು ಅಂತ ಒಬ್ಬರು ನಮ್ಮಲ್ಲಿ ಸೇರಿದ್ದರು. ಕುಡಿತದ ಕೇಸೇ. ದೂಮಪ್ಪನನ್ನು ಜನ್ಮದಲ್ಲಿ ಕಂಡವರಲ್ಲ. ಇದೇ ಹೊತ್ತು, ದೀಪ ಹಚ್ಚುವ ಹೊತ್ತು. ನಾನು ತಿಳಿ ತೆಗೆದುಕೊಂಡು ಹೋದ್ರೆ, "ಸಿಸ್ಟರ್, ಪಕ್ಕದ ಮನುಷ್ಯನಿಗೆ ಒಂದು ಕಂಬಳಿ ಕೊಡಿ, ಮೈಯೆಲ್ಲ ನಡುಗುತ್ತಿದೆ" ಅಂದ್ರು. ಪಕ್ಕದ್ದು ಕಿಟಕಿ ಬದಿಯ ಹಾಸಿಗೆ. ಖಾಲಿ. ನಾನು ಕಲಿತದ್ದನ್ನೇ ಹೇಳಿದೆ, ನನಗೆ ಕಾಣುವುದಿಲ್ಲ ಮಾಸ್ತರ್ರೇ, ನಿಮಗೆ ಕಾಣುತ್ತದೆ, ಹೆದರಬೇಡಿ... ಅವರು ಹೆದರಿರಲೂ ಇಲ್ಲ. ಬಹಳ ಬೇಜಾರಿನಲ್ಲಿ ಹೇಳಿದ್ರು, "ಅಂಗೈ ಚಾಚಿ ಕೂತಿದ್ದಾನೆ. ಬೇಡುವವನೋ ಅಂತ ನೋಡಿದೆ. ಅಲ್ಲ. ತನ್ನ ಕೈ ತಾನೇ ನೋಡ್ತಾ ಇದ್ದಾನೆ. ಅದು ನಿಲ್ಲುವುದಿಲ್ಲ. ಅದಕ್ಕೆ ಅಳ್ತಾ ಇದ್ದಾನೆ."

ನನ್ನ ಕೈಯ ಲೋಟ ಚೆಲ್ಲಿದ್ದು ಅವತ್ತು.

ಆದರೂ ನಾನು ದೆವ್ವ ಅಂತ ಓಡಿದವಳಲ್ಲ ಆಯ್ತಾ? ಚಾದರ ಮುಟ್ಟಿ ನೋಡಿದೆ, ಒದ್ದೆ. ಮನುಷ್ಯ ಮಲಗಿದಷ್ಟೇ ಜಾಗ ಒದ್ದೆ. ಮಾಡು ಸೋರಿರಬೇಕು ಅಂತ ಸ್ಟ್ಯಾನಿಯನ್ನು ಹೆಂಚಿಗೆ ಹತ್ತಿಸಿದೆ. ಕೆಳಗೆ ಇಳಿದು, "ಬಾಯಿ, ಮಳೆನೀರಿಗೆ ಸಾರಾಯಿ ವಾಸನೆ ಬರುವುದುಂಟಾ?" ಅಂತ ಕೇಳಿದವನು ಇವನೇ. ಯಾರೋ ಕದ್ದು ತಂದಿದ್ದಾರೆ ಅಂತ ಎಲ್ಲರ ತಲೆದಿಂಬು, ಪೆಟ್ಟಿಗೆ ಹುಡುಕಿದೆವು. ಎಂತ ಸಿಗಲಿಲ್ಲ. ಚಾದರ ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಪುನಃ ಒದ್ದೆ. ಕಬ್ಬಿಣದ ಮಂಚ ಕಿಣಿಕಿಣಿ ಅಂತ ಗೋಡೆಗೆ ತಾಗುವುದು, ಮೇಲೆ ಯಾರೂ ಇಲ್ಲ.

ಎಂತ ಮಾಡ್ತೀರಿ? ನೀವೇ ಹೇಳಿ. ಪಾದ್ರಿಗಳನ್ನು ಕರೆಸಿ ನೀರು ಚಿಮುಕಿಸಬೇಕಾ? ನನಗೆ ಹೊಳೆದದ್ದು ಒಂದೇ. ನಡುಗುವವನಿಗೆ ಎಂತ ಮಾಡ್ತೇವೋ ಅದನ್ನೇ ಮಾಡುವುದು. ಒಂದು ಲೋಟ ತಿಳಿ ತಂದು ಸ್ಟೂಲಿನ ಮೇಲೆ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಲೋಟ ಅಲ್ಲಾಡಿತು. ಟಕಟಕ... ಟಕಟಕ... ಅರ್ಧ ಚೆಲ್ಲಿತು. ಒರೆಸಿದೆ, ಪುನಃ ತುಂಬಿಸಿದೆ. ಮರುದಿನವೂ ಹಾಗೆ. ಅದರ ಮರುದಿನವೂ. ಬದುಕಿದವರಿಗೆ ನಡುಕ ಹೇಗೆ ಇಳಿಯುತ್ತದೋ ಹಾಗೆಯೇ ಇಳಿದು, ಒಂದು ಬೆಳಿಗ್ಗೆ ನೋಡಿದ್ರೆ ಲೋಟ ಬರಿದು, ಸ್ಟೂಲು ಒಣಗಿದೆ. ಹನಿ ಇಲ್ಲ.

ರಜೆ ಹಾಕಿ ಮಟ್ಟುವಿಗೆ ಹೋದೆ. ಮಳೆಗೆ ಗದ್ದೆಯೂ ಹೊಳೆಯೂ ಒಂದೇ ಆಗಿತ್ತು. ಗುಲಾಬಿ ಚಾಪೆ ಹಾಕಿ ಕೂರಿಸಿ, ತಾನಾಗಿಯೇ ಹೇಳಿದಳು. ಆಟಿಯಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟಲ್ಲ, ಅವರ ಮನೆಯಲ್ಲಿ ಅವನಿಗೆ ಅದು ಮೊದಲ ವರ್ಷ. ಎಲೆ ಹಾಕಿ, ಅವನಿಗೆ ಪ್ರೀತಿಯದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತರಂತೆ. ಕೋಳಿ, ರೊಟ್ಟಿ... ಮತ್ತೆ ಎಲೆಯ ಪಕ್ಕದಲ್ಲಿ ತುಂಬಿಸಿದ ಸಾರಾಯಿ ಗ್ಲಾಸು.

"ಅವನು ಬಿಟ್ಟಿದ್ದ ಅಲ್ವಾ?" ಅಂದೆ ನಾನು.

ಸಂಕಪ್ಪಣ್ಣ ಚಾವಡಿಯಿಂದಲೇ ಹೇಳಿದ್ರು, "ಬಿಟ್ಟದ್ದು ನಿಮ್ಮ ಡಾಕ್ಟರ ಹೆದರಿಕೆಗೆ. ಇಷ್ಟು ವರ್ಷ ಅವನ ಎದುರಲ್ಲಿ ನಾವು ಕುಡಿದದ್ದು, ಅವನು ಬಾಯಿ ಕಟ್ಟಿ ಕೂತದ್ದು. ಇನ್ನಾದರೂ ಕುಡಿಯಲಿ. ಸತ್ತವನಿಗೆ ಎಂತ ಲಿವರು ಬಾಯಮ್ಮ?"

ಮನೆಯವರೆಲ್ಲ ನಕ್ಕರು. ನಕ್ಕವರ ಕಣ್ಣಲ್ಲಿ ನೀರಿತ್ತು. ಕೆಟ್ಟ ಜನ ಅಲ್ಲ ಮಗಾ, ಅದೇ ಕಷ್ಟ. ಕೆಟ್ಟವರಾದರೆ ಜಗಳ ಮಾಡಿ ಬರಬಹುದಿತ್ತು. ನಾನು, ಅವನಿಗೆ ಬೇಡವಾದರೆ ಅಂತ ಕೇಳಿದೆ. "ನೀವು ಕೊಂಕಣಿ ಬಾಯಮ್ಮ, ನಮ್ಮ ಕಟ್ಟಳೆ ನಿಮಗೆ ಹೇಗೆ ಗೊತ್ತಾಗಬೇಕು? ನೀವು ಸತ್ತವರಿಗೆ ಮೊಂಬತ್ತಿ ಹಚ್ಚುವುದಿಲ್ವಾ? ಅವರಿಗೆ ಕಣ್ಣು ಕಾಣುತ್ತದಾ ಅಂತ ಕೇಳಿ ಹಚ್ಚುವುದಾ?" ಅಂದ್ರು ಸಂಕಪ್ಪಣ್ಣ. ನಾನು ಎದ್ದು ಹೊರಟೆ.

ಗುಲಾಬಿ ಮಾತ್ರ ನಗಲಿಲ್ಲ. ಬಸ್ಸಿನ ವರೆಗೆ ಕಳಿಸಲು ಬಂದಳು, ತಾಳೆಗರಿಯ ಕೊಡೆ ಹಿಡಿದುಕೊಂಡು. ದಾರಿಯಲ್ಲಿ, "ಬಡಿಸಿದ್ದನ್ನು ಸತ್ತವರು ಬಿಟ್ಟು ಎದ್ದರೆ ಮನೆಗೆ ಕೇಡು ಅಂತ ಬಾಯಮ್ಮ. ನಮ್ಮ ಇವರಿಗೆ ಗೊತ್ತುಂಟು ಅದು. ಬಿಡ್ಲಿಕ್ಕಿಲ್ಲ. ನಮಗೋಸ್ಕರ ಕುಡಿದಿರಬೇಕು," ಅಂದಳು. ಸ್ವಲ್ಪ ದೂರ ನಡೆದು ನಿಂತು ಕೇಳಿದಳು, "ನಿಮ್ಮಲ್ಲಿಗೆ ಬಂದಿದ್ದರಾ?"

ನಾನು ತಿಳಿಯ ಲೋಟದ ವಿಷಯ ಮಾತ್ರ ಹೇಳಿದೆ. ಅವಳಿಗೆ ಅಷ್ಟು ಸಾಕಿತ್ತು. ನೀವೇ ಯೋಚನೆ ಮಾಡಿ, ಅವನು ಇನ್ನೆಲ್ಲಿಗೆ ಹೋಗಬೇಕು? ಮನೆಗೆ ಹೋಗುವ ಹಾಗಿಲ್ಲ, ಅಲ್ಲಿ ಗ್ಲಾಸು ತುಂಬಿಸಿ ಇಟ್ಟಿದ್ದಾರೆ. ಸ್ವರ್ಗವೋ ನರಕವೋ, ಅದರ ದಾರಿ ಯಾರಿಗೆ ಗೊತ್ತು? ನಡುಕ ಸುರುವಾದರೆ ಯಾವ ಬಸ್ಸು ಹತ್ತಬೇಕು ಅಂತ ಅವನಿಗೆ ಗೊತ್ತಿದ್ದದ್ದು ಒಂದೇ ಜಾಗಕ್ಕೆ.

ಮರುವರ್ಷ ಬಾಗಿಲು ಎಳೆಯುವ ಮೊದಲು ಗುಲಾಬಿ ಒಬ್ಬಳೇ ಹಿಂದೆ ಉಳಿದು, ಗ್ಲಾಸಿನದ್ದನ್ನು ಬಚ್ಚಲಿಗೆ ಚೆಲ್ಲಿ, ಗಂಜಿ ತಿಳಿ ತುಂಬಿಸಿಟ್ಟಳು. ನಂತರ ನನಗೆ ಅವಳೇ ಹೇಳಿದ್ದು. ಆ ಆಟಿ ಇಲ್ಲಿ ಒಂದು ಮಂಚವೂ ಅಲ್ಲಾಡಲಿಲ್ಲ. ಆದರೆ ಒಂದು ಬೆಳಿಗ್ಗೆ ಡ್ಯೂಟಿಗೆ ಬಂದು ಕಿಟಕಿ ತೆರೀತೇನೆ... ದಂಡೆಯ ಮೇಲೆ ಒಂದು ಗುಳ್ಳ. ಎಳೆಯದ್ದು, ತೊಟ್ಟು ಇನ್ನೂ ಹಸಿ. ನಳಿನಾಕ್ಷಿ, ನೀನು ಉಡುಪಿಯವಳಲ್ವಾ, ಹೇಳು. ಮಟ್ಟುವಿನ ಗದ್ದೆಯಿಡೀ ನೀರಿನಡಿಯಲ್ಲಿರುವಾಗ, ಆಟಿಯಲ್ಲಿ, ಗುಳ್ಳ ಎಲ್ಲಿಂದ ಬರಬೇಕು? ಗಾಳಿಗೆ ಕಿಟಕಿ ಬಾಗಿಲು ಬಡೀತಾ ಇತ್ತು. ಗುಳ್ಳ ಅಲ್ಲಾಡಲಿಲ್ಲ.

ಗುಲಾಬಿ ಇದ್ದಷ್ಟು ವರ್ಷ ಹಾಗೆ. ಪ್ರತೀ ಆಟಿಗೆ ಒಂದು ಗುಳ್ಳ. ಮತ್ತೆ ಅವಳೂ ಹೋದಳು. ಸಂಕಪ್ಪಣ್ಣನೂ ಹೋದರು. ಈಗ ಬಡಿಸುವುದು ಸಂಕಪ್ಪಣ್ಣನ ಮಕ್ಕಳು, ದುಬಾಯಿಯಲ್ಲಿ ಇದ್ದು ಬಂದವರು. ಸಾರಾಯಿ ಅಲ್ಲ ಈಗ, ಫಾರಿನ್ ಬಾಟಲಿ. "ದೂಮಣ್ಣನಿಗೆ ಕಡಿಮೆಯದ್ದು ಕೊಡಬಾರದು" ಅಂತ. ಪ್ರೀತಿಯೇ ಅದೂ. ನಾನು ಹೋಗಿದ್ದೆ, ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಜ್ಜಿ, ಚಾ ಕುಡೀತೀರಾ?" ಅಂದ್ರು. ಕುಡಿದು ಬಂದೆ.

ಬದುಕಿದವರನ್ನು ನೋಡಿಯೇ ಸಾಕಾಗುತ್ತದೆ ಈ ಕೆಲಸದಲ್ಲಿ. ಬಿಡಿಸುವುದು, ಅವರು ಪುನಃ ಹಿಡಿಯುವುದು, ಪುನಃ ಬಿಡಿಸುವುದು. ಒಬ್ಬ ಗೆದ್ದ ಅಂದ್ರೆ... ಅವನೂ ಪ್ರತೀ ಆಟಿಗೆ ಇಲ್ಲಿಗೆ ಬಂದು ಮೊದಲಿನಿಂದ ಸುರು ಮಾಡಬೇಕು. ನಾನೂ ಅವನ ಜೊತೆ.

*

ಬಾಯಿ ಮಾತು ನಿಲ್ಲಿಸಿದಾಗ ಬೇಸಿನ್ನಿನ ನೀರು ತಣ್ಣಗಾಗಿತ್ತು. ಅಷ್ಟರಲ್ಲಿ ಮುಂದಿನ ಜಗಲಿಯಲ್ಲಿ ಕೊಡೆ ಮಡಚುವ ಸದ್ದಾಯಿತು. ರಾತ್ರಿ ಪಾಳಿಯ ರಮಾಮಣಿ, ಸೀರೆಯ ಅಂಚು ಹಿಂಡುತ್ತ, ಮರ ಕಡಿದವರಿಗೂ ಬಸ್ಸಿನವರಿಗೂ ಮಳೆರಾಯನಿಗೂ ಬಯ್ಯುತ್ತ ಒಳಗೆ ಬಂದರು.

ನಮ್ಮಲ್ಲಿ ಪಾಳಿ ಬಿಡುವ ಮುಂಚೆ ಒಂದೊಂದು ಹಾಸಿಗೆಯ ಹತ್ತಿರವೂ ನಿಂತು ರೋಗಿಯ ಸ್ಥಿತಿ ಹೇಳಿ ಒಪ್ಪಿಸುವ ಪದ್ಧತಿ. ಬಾಯಿ ಒದ್ದೆ ಪಾದಗಳನ್ನು ಬೂಟಿಗೆ ತುರುಕಿಕೊಂಡು ಎದ್ದರು. ಸ್ಟ್ಯಾನಿಸ್ಲಾಸ್ ಲಾಂದ್ರ ಹಿಡಿದು ಮುಂದೆ ನಡೆದ. ಯಾರು ಉಂಡರು, ಯಾರಿಗೆ ಮಾತ್ರೆ ಬಾಕಿ, ಯಾರ ಮೇಲೆ ಕಣ್ಣಿಡಬೇಕು ಎಂದು ಹೇಳುತ್ತ ಬಾಯಿ ಪ್ಯಾಟ್ರಿಕನ ಹಾಸಿಗೆಯವರೆಗೆ ಬಂದರು. ನಾನು ಅವನ ಪಾಲಿನ ತಿಳಿಯ ಲೋಟ ಚಾಚಿದೆ.

ಪ್ಯಾಟ್ರಿಕನಿಗೆ ಆಸ್ಪತ್ರೆಯಲ್ಲಿ ಅದು ಎರಡನೆಯ ದಿನವಷ್ಟೆ. ಮೈ ಬೆವರಿ, ಕೈ ಮೊಣಗಂಟಿನವರೆಗೆ ನಡುಗುತ್ತಿತ್ತು. ಅವನು ಲೋಟ ತೆಗೆದುಕೊಳ್ಳಲಿಲ್ಲ. ನನ್ನನ್ನು ದಾಟಿ ಕಿಟಕಿಯ ಕಡೆ ನೋಡಿದ.

"ನನಗೆ ಆಮೇಲೆ ಸಾಕು ಸಿಸ್ಟರ್. ಮೊದಲು ಅವರಿಗೆ ಕೊಡಿ. ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗ್ತಾ ಉಂಟು."

ಕಲಿತ ಮಾತು ನಾಲಗೆಯ ತುದಿಯಲ್ಲಿತ್ತು. ನನಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ... ಅಷ್ಟು ಹೇಳಿದೆ. ಹೆದರಬೇಡಿ ಎನ್ನುವ ಮೊದಲೇ ನಾನು ಕಿಟಕಿಯ ಕಡೆ ತಿರುಗಿದ್ದೆ. ಖಾಲಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಬಾಯಿ ಸಂಜೆ ಇಟ್ಟಿದ್ದ ಲೋಟ ಬಹಳ ಮೆಲ್ಲಗೆ ಟಕಟಕ ಎನ್ನುತ್ತಿತ್ತು. ತಿಳಿ ಅಂಚಿನಿಂದ ಇಳಿದು ನೆಲದ ಮೇಲೆ ಹನಿಯುತ್ತಿತ್ತು.

ಬಾಯಿ ನಿಟ್ಟುಸಿರು ಬಿಟ್ಟರು. ಉಳಿದ ಹಾಸಿಗೆಗಳಿಗೆ ಹೇಳಿದ ಅದೇ ಸ್ವರದಲ್ಲಿ ಹೇಳಿದರು.

"ದೂಮಪ್ಪ, ಮಟ್ಟು. ನಡುಕ ಇವತ್ತು ಸುರು. ಕಟ್ಟಬಾರದು. ಲೋಟ ಹಿಡಿದು ಕುಡಿಸಬಾರದು, ಅವನೇ ಹಿಡಿಯಬೇಕು. ಹತ್ತಿರ ಒಬ್ಬರು ಕೂತಿರಬೇಕು."

ರಮಾಮಣಿ ತಲೆಯಾಡಿಸಿದರು. ಅವರಿಗೆ ಅದು ಹೊಸತಲ್ಲ ಎಂಬುದು ನನಗೆ ಆಗ ತಿಳಿಯಿತು. ಬಾಯಿ ಕೊಡೆ ಬಿಡಿಸುತ್ತ ಬಾಗಿಲವರೆಗೆ ಹೋಗಿ ತಿರುಗಿ ನಿಂತರು. ನಾನು ಅಷ್ಟು ಹೊತ್ತಿಗೆ ಆ ಹಾಸಿಗೆಯ ಚಾದರದ ಮೇಲೆ ಕೈಯಿಟ್ಟಿದ್ದೆ.

"ಒದ್ದೆ ಉಂಟು ಅಲ್ವಾ? ಒಂದೆರಡು ದಿನ ಹಾಗೆಯೇ. ಬದಲಿಸಿ ಹಾಕು," ಎಂದರು. "ಮುಂದಿನ ಆಟಿಗೆ ನಾನಿಲ್ಲ. ನೀನು ಇರ್ತೀ ಅಲ್ವಾ ಮಗಾ? ತಿಳಿ ಕೊಡ್ತಾ ಇರು... ಯಾವತ್ತಾದರೂ ಗುಳ್ಳ ಬಂದರೆ ಶಿರ್ವಕ್ಕೆ ಹೇಳಿ ಕಳಿಸು."